ಕೆನ್ ಥಾಂಪ್ಸನ್: ಯುನಿಕ್ಸ್‌ನಿಂದ ಕನ್ನಡದ ಅಕ್ಷರದವರೆಗೆ

ಅಂತರಜಾಲದಲ್ಲಿ ಇಂದು ನಾವು ಓದುವ ಕನ್ನಡದ ಬಹುಪಾಲು, 1992ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಅಮೆರಿಕದ ನ್ಯೂಜೆರ್ಸಿಯ ಒಂದು ಸಾಧಾರಣ ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿದ ಒಂದು ಸೂತ್ರದ ಪ್ರಕಾರ ನಮ್ಮನ್ನು ತಲುಪುತ್ತಿದೆ. ಆ ಸೂತ್ರವನ್ನು ಗೀಚಿದವರಿಗೆ ಕನ್ನಡ ಬಾರದು. ಆದರೆ ಜಗತ್ತಿನ ಯಾವ ಲಿಪಿಯೂ ಗಣಕಯಂತ್ರದ ಹೊರಗೆ ನಿಲ್ಲಬಾರದೆಂಬ ಸಮಸ್ಯೆಗೆ ಅವರು ಕೊಟ್ಟ ಉತ್ತರ ಇಂದಿಗೂ ಬಳಕೆಯಲ್ಲಿ ಉಳಿದಿದೆ.

ಅವರ ಹೆಸರು ಕೆನೆತ್ ಲೇನ್ ಥಾಂಪ್ಸನ್. ತಂತ್ರಾಂಶ ಲೋಕದಲ್ಲಿ ಎಲ್ಲರ ಬಾಯಲ್ಲೂ ಕೇವಲ 'ಕೆನ್'. ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಮೊದಲು ಬರೆದವರು, ಸಿ ಭಾಷೆಯ ಹಿಂದಿನ ಬಿ ಭಾಷೆಯನ್ನು ರೂಪಿಸಿದವರು, ಚದುರಂಗದಲ್ಲಿ ಮಾಸ್ಟರ್ ದರ್ಜೆ ಗಳಿಸಿದ ಮೊದಲ ಯಂತ್ರವನ್ನು ಕಟ್ಟಿದವರಲ್ಲಿ ಒಬ್ಬರು, ಗೂಗಲ್ ಸಂಸ್ಥೆಯ ಗೋ ಭಾಷೆಯ ಮೂವರು ಕರ್ತೃಗಳಲ್ಲಿ ಒಬ್ಬರು. ಇಷ್ಟೆಲ್ಲ ಸಾಧಿಸಿದ ಈ ಇಂಜಿನಿಯರ್, ತಮಗೆ ದೊರೆತ ಅತ್ಯುನ್ನತ ಗೌರವದ ವೇದಿಕೆಯಲ್ಲಿ ನಿಂತು ಹೇಳಿದ್ದು ಮಾತ್ರ ತಂತ್ರಾಂಶವನ್ನು ಸುಲಭವಾಗಿ ನಂಬಬೇಡಿ ಎಂದು. ಅವರ ವೃತ್ತಿ, ಕೌಶಲ ಮತ್ತು ಹವ್ಯಾಸಗಳ ಪರಿಚಯ ಇಲ್ಲಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಥಾಂಪ್ಸನ್ ಜನಿಸಿದ್ದು 1943ರ ಫೆಬ್ರವರಿ 4ರಂದು, ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ತಂದೆ ಅಮೆರಿಕದ ನೌಕಾಪಡೆಯಲ್ಲಿದ್ದುದರಿಂದ ಕುಟುಂಬ ಊರಿಂದೂರಿಗೆ ವರ್ಗವಾಗುತ್ತಲೇ ಇತ್ತು. ಹುಡುಗನಾಗಿದ್ದಾಗಲೇ ವಿದ್ಯುನ್ಮಾನ ಸಾಮಗ್ರಿಗಳತ್ತ ಒಲವು. ಮುಂದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕಲಿ ಪ್ರಾಂಗಣದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಮತ್ತು ಗಣಕವಿಜ್ಞಾನ ವಿಷಯದಲ್ಲಿ 1965ರಲ್ಲಿ ಪದವಿಯನ್ನೂ 1966ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಡಾಕ್ಟರೇಟ್ ಮಾಡಲಿಲ್ಲ.

ಅದೇ 1966ರಲ್ಲಿ ಅವರು ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್ ಸೇರಿದರು. ಅಮೆರಿಕದ ದೂರವಾಣಿ ಸಂಸ್ಥೆ ಎಟಿ ಅಂಡ್ ಟಿಯ ಸಂಶೋಧನಾ ವಿಭಾಗವಾಗಿದ್ದ ಬೆಲ್ ಲ್ಯಾಬ್ಸ್, 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಜಾಗ. ಅಲ್ಲಿನ ಸಂಶೋಧಕರಿಗೆ ತಮಗೆ ತೋಚಿದ ಸಮಸ್ಯೆಯ ಬೆನ್ನು ಹತ್ತುವ ಸ್ವಾತಂತ್ರ್ಯವಿತ್ತು. ಥಾಂಪ್ಸನ್ ಅವರು ಮುಂದಿನ 34 ವರ್ಷ ಅಲ್ಲಿಯೇ ಉಳಿದರು.

ಅವರ ಮೊದಲ ಮಹತ್ವದ ಪ್ರಬಂಧ 1968ರಲ್ಲಿ ಪ್ರಕಟವಾಯಿತು. ಉದ್ದನೆಯ ಪಠ್ಯದಲ್ಲಿ ನಿರ್ದಿಷ್ಟ ಮಾದರಿಯ ಪದಗಳನ್ನು ಬೇಗನೆ ಹುಡುಕುವುದು ಹೇಗೆಂಬುದು ಅದರ ವಿಷಯ. ಗಣಿತದ ಸಿದ್ಧಾಂತವಾಗಿ ಉಳಿದಿದ್ದ ಒಂದು ಕಲ್ಪನೆಯನ್ನು ಅವರು ದಿನಬಳಕೆಯ ಉಪಕರಣವನ್ನಾಗಿಸಿದರು. ತಂತ್ರಾಂಶ ಬರೆಯುವವರು ಇಂದು ಬಳಸುವ ಬಹುತೇಕ ಸಂಪಾದಕ ತಂತ್ರಾಂಶಗಳಲ್ಲಿ ಇಂತಹ ಹುಡುಕಾಟದ ಸೌಲಭ್ಯ ಇದೆ.

ಮಲ್ಟಿಕ್ಸ್‌ನ ಸೋಲು, ಯುನಿಕ್ಸ್‌ನ ಹುಟ್ಟು

1960ರ ದಶಕದಲ್ಲಿ ಒಂದು ಗಣಕಯಂತ್ರ ಇಡೀ ಕೊಠಡಿಯನ್ನು ತುಂಬುತ್ತಿತ್ತು, ಅದರ ಸಮಯ ಬಹಳ ದುಬಾರಿ. ಏಕಕಾಲಕ್ಕೆ ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವಂತೆ ಮಾಡಲು ಎಂಐಟಿ, ಜನರಲ್ ಇಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಒಟ್ಟಾಗಿ ಮಲ್ಟಿಕ್ಸ್ ಎಂಬ ಬೃಹತ್ ಯೋಜನೆಯನ್ನು ಕೈಗೊಂಡಿದ್ದವು. ಥಾಂಪ್ಸನ್ ಕೂಡ ಅದರಲ್ಲಿದ್ದರು. ಯೋಜನೆ ಬೆಳೆಯುತ್ತ ಹೋಯಿತೇ ಹೊರತು ಮುಗಿಯುವ ಲಕ್ಷಣ ಕಾಣಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂದಿತು. ಒಳ್ಳೆಯ ವ್ಯವಸ್ಥೆಯ ರುಚಿ ಕಂಡಿದ್ದ ಕೆಲವರ ಕೈಯಲ್ಲಿ ಈಗ ಏನೂ ಉಳಿಯಲಿಲ್ಲ.

ಈ ಹೊತ್ತಿನಲ್ಲಿ ನೆರವಿಗೆ ಬಂದದ್ದು ಒಂದು ಆಟ. ಸೌರಮಂಡಲದಲ್ಲಿ ಗ್ರಹದಿಂದ ಗ್ರಹಕ್ಕೆ ನೌಕೆಯನ್ನು ನಡೆಸುವ 'ಸ್ಪೇಸ್ ಟ್ರಾವೆಲ್' ಎಂಬ ಆಟವನ್ನು ಥಾಂಪ್ಸನ್ ಬರೆದಿದ್ದರು. ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಮೌಲ್ಯದ ಯಂತ್ರಸಮಯ ಖರ್ಚಾಗುತ್ತಿತ್ತು. ಹೀಗಾಗಿ ಯಾರೂ ಹೆಚ್ಚು ಬಳಸದೆ ಬಿಟ್ಟಿದ್ದ ಪಿಡಿಪಿ-7 ಎಂಬ ಚಿಕ್ಕ ಯಂತ್ರವೊಂದನ್ನು ಹುಡುಕಿ, ಸಹೋದ್ಯೋಗಿ ಡೆನಿಸ್ ರಿಚಿಯವರ ನೆರವಿನಿಂದ ಆಟವನ್ನು ಅದಕ್ಕೆ ಸಾಗಿಸಿದರು. ಆ ಯಂತ್ರದ ಸ್ಮರಣಕೋಶ ಇಂದಿನ ಲೆಕ್ಕದಲ್ಲಿ 20 ಕಿಲೋಬೈಟಿಗೂ ಕಡಿಮೆ.

ಆಟಕ್ಕೆಂದು ಹಿಡಿದ ಯಂತ್ರ ಕೈಗೆ ಪಳಗಿತು. 1969ರ ಬೇಸಿಗೆಯಲ್ಲಿ ಥಾಂಪ್ಸನ್ ಅವರ ಪತ್ನಿ ಎಳೆಯ ಮಗುವನ್ನು ಕರೆದುಕೊಂಡು ಕ್ಯಾಲಿಫೋರ್ನಿಯಕ್ಕೆ ಹೋಗಿ ಮೂರು ವಾರ ಉಳಿದಿದ್ದರು. ಅಷ್ಟರಲ್ಲಿ ಥಾಂಪ್ಸನ್ ಸಂಪಾದಕ ತಂತ್ರಾಂಶಕ್ಕೆ ಒಂದು ವಾರ, ಅಸೆಂಬ್ಲರ್‌ಗೆ ಒಂದು ವಾರ, ವ್ಯವಸ್ಥೆಯ ತಿರುಳಿಗೆ ಒಂದು ವಾರ ಎಂದು ಹಂಚಿಕೊಂಡು ಒಂದು ಕಾರ್ಯಾಚರಣೆ ವ್ಯವಸ್ಥೆಯನ್ನೇ ಬರೆದು ಮುಗಿಸಿದರು. ಮಲ್ಟಿಕ್ಸ್‌ನ ಹೆಸರನ್ನೇ ಅಣಕಿಸುವಂತೆ ಸಹೋದ್ಯೋಗಿಗಳು ಅದಕ್ಕೆ ಯುನಿಕ್ಸ್ ಎಂದು ಹೆಸರಿಟ್ಟರು.

ಮೂರು ವಾರಗಳ ಈ ಕಥೆಯನ್ನು ಚಮತ್ಕಾರವೆಂಬಂತೆ ಹೇಳುವ ರೂಢಿಯಿದೆ. ಆದರೆ ಅದರ ಹಿಂದೆ ಮಲ್ಟಿಕ್ಸ್‌ನಲ್ಲಿ ಕಳೆದ ವರ್ಷಗಳ ಅನುಭವ ಇತ್ತು, ಏನನ್ನು ಬಿಡಬೇಕೆಂಬ ಸ್ಪಷ್ಟ ತಿಳಿವಳಿಕೆ ಇತ್ತು. ಕಡತ ವ್ಯವಸ್ಥೆ ಹೇಗಿರಬೇಕೆಂಬುದನ್ನು ಅವರು ಮತ್ತು ಸಹೋದ್ಯೋಗಿಗಳು ಅದಕ್ಕೂ ಮೊದಲೇ ಚರ್ಚಿಸಿ ನಿಶ್ಚಯಿಸಿಕೊಂಡಿದ್ದರು. ಬರೆಯಲು ಹಿಡಿದದ್ದು ಮೂರು ವಾರ, ಯೋಚಿಸಲು ಹಿಡಿದದ್ದು ಅದಕ್ಕಿಂತ ಬಹಳ ಹೆಚ್ಚು.

ಸಣ್ಣ ಉಪಕರಣಗಳು, ದೊಡ್ಡ ಕೆಲಸಗಳು

1971ರ ನವೆಂಬರ್‌ನಲ್ಲಿ ಯುನಿಕ್ಸ್‌ನ ಮೊದಲ ಕೈಪಿಡಿ ಸಿದ್ಧವಾಯಿತು. ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗದವರು ಅರ್ಜಿಗಳನ್ನು ಬೆರಳಚ್ಚು ಮಾಡಲು ಅದನ್ನು ಬಳಸತೊಡಗಿದರು. ಬಿಸಿಪಿಎಲ್ ಎಂಬ ಭಾಷೆಯನ್ನು ಭಟ್ಟಿಯಿಳಿಸಿ ಥಾಂಪ್ಸನ್ ಬಿ ಭಾಷೆಯನ್ನು ಮಾಡಿದ್ದರು. ರಿಚಿ ಅದನ್ನು ಬೆಳೆಸಿ ಸಿ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಪುನಃ ಬರೆಯಲಾಯಿತು. ಅಲ್ಲಿಯವರೆಗೆ ಕಾರ್ಯಾಚರಣೆ ವ್ಯವಸ್ಥೆಯೆಂದರೆ ಆಯಾ ಯಂತ್ರಕ್ಕೇ ಅಂಟಿಕೊಂಡ ವಸ್ತು. ಇನ್ನು ಮುಂದೆ ಅದು ಯಂತ್ರದಿಂದ ಯಂತ್ರಕ್ಕೆ ಹೋಗಬಹುದಾಯಿತು.

ಯುನಿಕ್ಸ್‌ನ ಮೂಲತತ್ತ್ವ ಸರಳ. ಪ್ರತಿ ಉಪಕರಣವೂ ಒಂದೇ ಕೆಲಸ ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ, ಒಂದರ ಫಲಿತಾಂಶ ಇನ್ನೊಂದಕ್ಕೆ ಕಚ್ಚಾ ಸಾಮಗ್ರಿಯಾಗಲಿ. ಒಂದರ ತುದಿಗೆ ಇನ್ನೊಂದನ್ನು ಕೊಳವೆಯಂತೆ ಜೋಡಿಸಬೇಕೆಂದು ವಿಭಾಗದ ಮುಖ್ಯಸ್ಥ ಡಗ್ಲಸ್ ಮೆಕಿಲ್‌ರಾಯ್ ವರ್ಷಗಳಿಂದ ಹೇಳುತ್ತಿದ್ದರು. 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ವ್ಯವಸ್ಥೆಯೊಳಕ್ಕೆ ತಂದರು. ಕಡತಗಳಲ್ಲಿ ಪದಗಳನ್ನು ಹುಡುಕುವ 'ಗ್ರೆಪ್' ಎಂಬ ಪ್ರಸಿದ್ಧ ಉಪಕರಣವೂ ಅವರದೇ.

ಅಮೆರಿಕ ಸರ್ಕಾರದೊಂದಿಗೆ 1956ರಲ್ಲಿ ಮಾಡಿಕೊಂಡ ಒಪ್ಪಂದದಿಂದಾಗಿ ಎಟಿ ಅಂಡ್ ಟಿ ಸಂಸ್ಥೆ ದೂರವಾಣಿಯ ಹೊರತಾದ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹೀಗಾಗಿ ಯುನಿಕ್ಸ್ ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳಿಗೆ ದೊರೆಯಿತು. 1975-76ರಲ್ಲಿ ಥಾಂಪ್ಸನ್ ತಾವು ಓದಿದ ಬರ್ಕಲಿಗೆ ಹೋಗಿ ಒಂದು ವರ್ಷ ಪಾಠ ಮಾಡಿದರು. ಅಲ್ಲಿನ ವಿದ್ಯಾರ್ಥಿಗಳು ಬೆಳೆಸಿದ ಬರ್ಕಲಿ ಯುನಿಕ್ಸ್‌ನ ಅಂಶಗಳು ಇಂದಿನ ಆಪಲ್ ಯಂತ್ರಗಳಲ್ಲಿಯೂ ಇವೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಯುನಿಕ್ಸ್‌ನ ಒಂದು ಸಾಲನ್ನೂ ನಕಲು ಮಾಡದಿದ್ದರೂ ಅದರ ರೀತಿನೀತಿಗಳನ್ನೇ ಅನುಸರಿಸಿತು. ಆಂಡ್ರಾಯ್ಡ್ ದೂರವಾಣಿಗಳ ಒಳಗಿರುವುದು ಲಿನಕ್ಸ್‌ನ ತಿರುಳು.

ಕೆಲಸದ ರೀತಿ

ಥಾಂಪ್ಸನ್ ಅವರ ಕೌಶಲ ಎಲ್ಲಿದೆ ಎಂಬುದಕ್ಕೆ ಅವರೊಡನೆ ದುಡಿದ ರಾಬ್ ಪೈಕ್ ಹೇಳಿದ ಪ್ರಸಂಗವೊಂದಿದೆ. ಇಬ್ಬರೂ ಒಂದೇ ಪರದೆಯ ಮುಂದೆ ಕೆಲಸ ಮಾಡುತ್ತಿದ್ದ ದಿನಗಳು. ತಂತ್ರಾಂಶ ಎಲ್ಲಿಯಾದರೂ ಕೆಟ್ಟರೆ ಪೈಕ್ ಕೂಡಲೇ ಸಾಲು ಸಾಲಾಗಿ ಶೋಧಿಸಲು ತೊಡಗುತ್ತಿದ್ದರು. ಥಾಂಪ್ಸನ್ ಮಾತ್ರ ಹಿಂದೆ ನಿಂತು ಸುಮ್ಮನೆ ಯೋಚಿಸುತ್ತಿದ್ದರು. ಅನೇಕ ಸಲ ಪೈಕ್‌ಗಿಂತ ಮೊದಲು ತಪ್ಪು ಎಲ್ಲಿದೆಯೆಂದು ತಿಳಿಯುತ್ತಿದ್ದುದು ಅವರಿಗೇ. ಇಡೀ ತಂತ್ರಾಂಶದ ಒಂದು ಚಿತ್ರ ಅವರ ಮನಸ್ಸಿನಲ್ಲಿರುತ್ತಿತ್ತು. ತಪ್ಪು ಸಂಭವಿಸಿತೆಂದರೆ ಆ ಚಿತ್ರ ಎಲ್ಲೋ ವಾಸ್ತವಕ್ಕೆ ಹೊಂದುತ್ತಿಲ್ಲವೆಂದು ಅರ್ಥ. ಅದನ್ನು ತಿದ್ದಿಕೊಂಡರೆ ಈ ಒಂದು ತಪ್ಪಿನ ಜೊತೆಗೆ ಮುಂದೆ ಬರಬಹುದಾದ ಇನ್ನಷ್ಟು ತಪ್ಪುಗಳೂ ತಪ್ಪುತ್ತವೆ.

ರಿಚಿಯವರೊಂದಿಗಿನ ಅವರ ಸಹಯೋಗವೂ ಅಪರೂಪದ್ದು. ಯಾರು ಏನು ಬರೆಯಬೇಕೆಂಬ ಹಂಚಿಕೆಯಲ್ಲಿ ಒಮ್ಮೆ ಮಾತ್ರ ಗೊಂದಲವಾಗಿ, ಇಬ್ಬರೂ 20 ಸಾಲಿನ ಒಂದೇ ತಂತ್ರಾಂಶವನ್ನು ಪ್ರತ್ಯೇಕವಾಗಿ ಬರೆದಿದ್ದರಂತೆ. ಹೋಲಿಸಿ ನೋಡಿದರೆ ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಈ ಸಂಗತಿಯನ್ನು ಥಾಂಪ್ಸನ್ ತಮ್ಮ ಟ್ಯೂರಿಂಗ್ ಉಪನ್ಯಾಸದಲ್ಲಿ ನೆನಪಿಸಿಕೊಂಡಿದ್ದಾರೆ.

ಅವರು ಮಿತಭಾಷಿ, ಹಾಸ್ಯಪ್ರಜ್ಞೆಯುಳ್ಳವರು. ಯುನಿಕ್ಸ್‌ನಲ್ಲಿ ಹೊಸ ಕಡತ ಸೃಷ್ಟಿಸುವ ಆದೇಶದ ಹೆಸರು ಇಂಗ್ಲಿಷಿನ 'ಕ್ರಿಯೇಟ್' ಪದದ ಕೊನೆಯ ಅಕ್ಷರವಿಲ್ಲದೆ ಮೊಟಕಾಗಿದೆ. ಯುನಿಕ್ಸನ್ನು ಮತ್ತೆ ಬರೆದರೆ ಏನು ಬದಲಿಸುವಿರೆಂದು ಕೇಳಿದಾಗ, ಆ ಬಿಟ್ಟುಹೋದ ಅಕ್ಷರವನ್ನು ಸೇರಿಸುವೆನೆಂದು ಅವರು ಉತ್ತರಿಸಿದ್ದು ತಂತ್ರಜ್ಞರ ವಲಯದಲ್ಲಿ ಮನೆಮಾತು.

ಚದುರಂಗದ ಯಂತ್ರ

ಥಾಂಪ್ಸನ್ ಅವರಿಗೆ ಎಳವೆಯಿಂದಲೂ ಚದುರಂಗದ ಸೆಳೆತ. ಬೆಲ್ ಲ್ಯಾಬ್ಸ್‌ನ ಜೋ ಕಾಂಡನ್ ಅವರೊಡಗೂಡಿ ಅವರು ಚದುರಂಗಕ್ಕಾಗಿಯೇ ವಿಶೇಷ ಯಂತ್ರಾಂಶವುಳ್ಳ 'ಬೆಲ್' ಎಂಬ ಯಂತ್ರವನ್ನು ಕಟ್ಟಿದರು. ಸೆಕೆಂಡಿಗೆ ಸುಮಾರು 1,60,000 ಸ್ಥಿತಿಗಳನ್ನು ಪರಿಶೀಲಿಸಬಲ್ಲ ಈ ಯಂತ್ರ 1980ರಲ್ಲಿ ಆಸ್ಟ್ರಿಯದ ಲಿಂಜ್ ನಗರದಲ್ಲಿ ನಡೆದ ಗಣಕಯಂತ್ರಗಳ ವಿಶ್ವ ಚದುರಂಗ ಪಂದ್ಯಾವಳಿಯನ್ನು ಗೆದ್ದಿತು. 1983ರಲ್ಲಿ ಅಮೆರಿಕದ ಚದುರಂಗ ಒಕ್ಕೂಟದ ಮಾಸ್ಟರ್ ದರ್ಜೆ ಪಡೆದ ಮೊದಲ ಯಂತ್ರವೆನಿಸಿತು.

ಈ ನಡುವೆ ಒಂದು ಪೇಚಾಟವೂ ನಡೆಯಿತು. ಮಾಸ್ಕೋದಲ್ಲಿ ಪ್ರದರ್ಶನ ಪಂದ್ಯಕ್ಕೆಂದು ಯಂತ್ರವನ್ನು ಕಳುಹಿಸುವಾಗ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡರು. ಉನ್ನತ ತಂತ್ರಜ್ಞಾನ ಸೋವಿಯತ್ ಒಕ್ಕೂಟದ ಕೈಸೇರುವುದೆಂಬ ಶಂಕೆ. ದಂಡ ಕಟ್ಟಿ ಯಂತ್ರವನ್ನು ಬಿಡಿಸಿಕೊಳ್ಳಬೇಕಾಯಿತು. ಇದನ್ನು ಯುದ್ಧಕ್ಕೆ ಬಳಸಬೇಕೆಂದರೆ ವಿಮಾನದಿಂದ ಯಾರ ತಲೆಯ ಮೇಲಾದರೂ ಎತ್ತಿಹಾಕಬೇಕಷ್ಟೆ ಎಂದು ಥಾಂಪ್ಸನ್ ಚಟಾಕಿ ಹಾರಿಸಿದ್ದರು.

ಆಟದ ಕೊನೆಯ ಹಂತಗಳ ಬಗ್ಗೆ ಅವರು ಮಾಡಿದ ಕೆಲಸ ಇನ್ನೂ ಗಂಭೀರವಾದುದು. ಹಲಗೆಯ ಮೇಲೆ ನಾಲ್ಕೈದು ಕಾಯಿಗಳಷ್ಟೇ ಉಳಿದಾಗ ಸಾಧ್ಯವಿರುವ ಪ್ರತಿಯೊಂದು ಸ್ಥಿತಿಗೂ ತಪ್ಪಿಲ್ಲದ ಉತ್ತರವನ್ನು ಅವರು ಲೆಕ್ಕ ಹಾಕಿಸಿದರು. ಒಂದು ಕಡೆ ರಾಜ ಮತ್ತು ಎರಡು ಒಂಟೆ, ಇನ್ನೊಂದು ಕಡೆ ರಾಜ ಮತ್ತು ಕುದುರೆ ಉಳಿದರೆ ಕುದುರೆಯ ಪಕ್ಷ ಸೋಲದೆ ಉಳಿಯಬಹುದೆಂದು ಚದುರಂಗದ ಪಂಡಿತರು 19ನೇ ಶತಮಾನದಿಂದ ನಂಬಿದ್ದರು. ಒಂಟೆಗಳ ಪಕ್ಷ ಸಾಮಾನ್ಯವಾಗಿ ಗೆಲ್ಲುತ್ತದೆ, ಅದಕ್ಕೆ ಕೆಲವೊಮ್ಮೆ 66 ನಡೆಗಳು ಬೇಕಾಗುತ್ತವೆ ಎಂದು ಥಾಂಪ್ಸನ್ ಅವರ ಲೆಕ್ಕ ತೋರಿಸಿತು.

1970ರ ದಶಕದ ಕೊನೆಯಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ಈ ಯಂತ್ರಜ್ಞಾನದೆದುರು ಪಂಥ ಕಟ್ಟಿದ್ದರು. ಅವರ ಕೈಯಲ್ಲಿ ಮಂತ್ರಿ, ಯಂತ್ರದ ಕೈಯಲ್ಲಿ ಆನೆ. ಪುಸ್ತಕಗಳ ಪ್ರಕಾರ ಇದು ಸುಲಭದ ಗೆಲುವು. ಆದರೆ ಯಂತ್ರ ಯಾವ ಮನುಷ್ಯನೂ ಆಡದ ರೀತಿಯಲ್ಲಿ ತಪ್ಪಿಸಿಕೊಂಡಿತು. 50 ನಡೆಗಳ ಮಿತಿಯೊಳಗೆ ಬ್ರೌನ್ ಗೆಲ್ಲಲಾಗಲಿಲ್ಲ. ಕೆಲ ದಿನ ಅಭ್ಯಾಸ ಮಾಡಿ ಬಂದು ಎರಡನೆಯ ಸಲ ಸರಿಯಾಗಿ 50ನೇ ನಡೆಯಲ್ಲಿ ಗುರಿ ಮುಟ್ಟಿದರು. ಎಲ್ಲರೂ ಬಲ್ಲೆವೆಂದು ಭಾವಿಸಿದ್ದರಲ್ಲಿಯೂ ಪರೀಕ್ಷೆಗೆ ಒಳಪಡದ ನಂಬಿಕೆ ಎಷ್ಟಿರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ನಂಬಿಕೆಯ ಪ್ರಶ್ನೆ

ಗಣಕವಿಜ್ಞಾನದ ನೊಬೆಲ್ ಎಂದೇ ಕರೆಯಲಾಗುವ ಟ್ಯೂರಿಂಗ್ ಪ್ರಶಸ್ತಿ 1983ರಲ್ಲಿ ಥಾಂಪ್ಸನ್ ಮತ್ತು ರಿಚಿ ಇಬ್ಬರಿಗೂ ದೊರೆಯಿತು. ಥಾಂಪ್ಸನ್ ಅವರ ಸ್ವೀಕಾರ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಮೂರೇ ಪುಟಗಳ ಆ ಬರಹ ತಂತ್ರಾಂಶ ಸುರಕ್ಷತೆಯ ಇತಿಹಾಸದಲ್ಲಿ ಅತ್ಯಂತ ಹೆಚ್ಚು ಚರ್ಚೆಗೊಳಗಾದ ಬರಹಗಳಲ್ಲಿ ಒಂದು.

ಅದರ ಸಾರಾಂಶ ಹೀಗಿದೆ. ಇಂಜಿನಿಯರ್ ಬರೆದ ತಂತ್ರಾಂಶವನ್ನು ಯಂತ್ರದ ಭಾಷೆಗೆ ತರುವುದು ಕಂಪೈಲರ್. ಯಾರಾದರೂ ಕಂಪೈಲರನ್ನೇ ತಿದ್ದಿ, ಗುಪ್ತಪದ ಪರೀಕ್ಷಿಸುವ ತಂತ್ರಾಂಶವನ್ನು ಅನುವಾದಿಸುವಾಗ ತನಗೆ ಮಾತ್ರ ತಿಳಿದ ಒಂದು ಕಳ್ಳದಾರಿಯನ್ನು ಸೇರಿಸುವಂತೆ ಮಾಡಿದರೆ? ಕಂಪೈಲರಿನ ಮೂಲಪಠ್ಯ ಓದಿದವರಿಗೆ ಮೋಸ ಕಂಡುಬಿಡುತ್ತದೆ. ಆದರೆ ಕಂಪೈಲರ್ ಕೂಡ ಒಂದು ತಂತ್ರಾಂಶವೇ. ಅದರ ಹೊಸ ಆವೃತ್ತಿಯನ್ನು ಅನುವಾದಿಸುವುದು ಹಳೆಯ ಆವೃತ್ತಿ. ಹಾಗಾದರೆ, ತನ್ನನ್ನೇ ಅನುವಾದಿಸುವಾಗಲೂ ಈ ಮೋಸವನ್ನು ಮತ್ತೆ ಸೇರಿಸಿಕೊಳ್ಳುವಂತೆ ಅದನ್ನು ತಿದ್ದಿ, ಒಮ್ಮೆ ಅನುವಾದಿಸಿ, ಬಳಿಕ ಮೂಲಪಠ್ಯದಿಂದ ಎಲ್ಲ ಗುರುತುಗಳನ್ನೂ ಅಳಿಸಿಬಿಡಬಹುದು. ಈಗ ಮೂಲಪಠ್ಯ ನಿರ್ಮಲ. ಎಷ್ಟು ಸಲ ಓದಿದರೂ ದೋಷ ಕಾಣದು. ಮೋಸ ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಹರಿಯುತ್ತಲೇ ಇರುತ್ತದೆ.

ನಮ್ಮ ಮನೆಗಳ ಮೊಸರಿನ ಉದಾಹರಣೆ ಇಲ್ಲಿ ಹೊಂದುತ್ತದೆ. ಇಂದಿನ ಹಾಲು ಎಷ್ಟೇ ಶುದ್ಧವಾಗಿದ್ದರೂ ಹೆಪ್ಪು ಹಾಕುವುದು ನಿನ್ನೆಯ ಮೊಸರಿನಿಂದ. ಹೆಪ್ಪು ಕೆಟ್ಟಿದ್ದರೆ ಹಾಲನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಈ ಸಾಧ್ಯತೆಯನ್ನು ಥಾಂಪ್ಸನ್ ಕಲ್ಪನೆಯಾಗಿ ಹೇಳಿದ್ದಲ್ಲ, ಸ್ವತಃ ಮಾಡಿ ನೋಡಿಯೇ ಹೇಳಿದ್ದರು. ಸಂಪೂರ್ಣವಾಗಿ ನೀವೇ ಸೃಷ್ಟಿಸದ ತಂತ್ರಾಂಶವನ್ನು ಕೇವಲ ಓದಿ ನಂಬಲಾಗದು, ಕಡೆಗೆ ನಂಬಬೇಕಾದುದು ಅದನ್ನು ಬರೆದ ಮನುಷ್ಯರನ್ನು ಎಂಬುದು ಅವರ ತೀರ್ಮಾನ. ಅನ್ಯರ ಗಣಕಯಂತ್ರಕ್ಕೆ ನುಗ್ಗುವ ಹುಡುಗರನ್ನು ಪತ್ರಿಕೆಗಳು ಜಾಣರೆಂದು ಹೊಗಳುತ್ತಿದ್ದ ಕಾಲವದು. ನೆರೆಮನೆಯ ಬಾಗಿಲಿಗೆ ಬೀಗವಿಲ್ಲವೆಂದ ಮಾತ್ರಕ್ಕೆ ಒಳನುಗ್ಗುವುದು ಸಾಧುವಾಗದು ಎಂಬ ಎಚ್ಚರಿಕೆಯನ್ನೂ ಅವರು ಅದೇ ಉಪನ್ಯಾಸದಲ್ಲಿ ನೀಡಿದ್ದರು.

ಕನ್ನಡಕ್ಕೆ ಸಂದ ಕೊಡುಗೆ

ಗಣಕಯಂತ್ರಕ್ಕೆ ತಿಳಿಯುವುದು ಸಂಖ್ಯೆಗಳು ಮಾತ್ರ. ಇಂಗ್ಲಿಷ್ ಅಕ್ಷರಗಳಿಗೆ 128ರೊಳಗಿನ ಸಂಖ್ಯೆಗಳನ್ನು ಬಹಳ ಹಿಂದೆಯೇ ಗೊತ್ತುಮಾಡಲಾಗಿತ್ತು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಆದರೆ ಒಂದು ಬೈಟ್‌ನಲ್ಲಿ ಹಿಡಿಯುವುದು 0ಯಿಂದ 255ರವರೆಗಿನ ಸಂಖ್ಯೆ ಮಾತ್ರ. ಹಳೆಯ ಇಂಗ್ಲಿಷ್ ಕಡತಗಳನ್ನು ಕೆಡಿಸದೆ ಇಷ್ಟು ದೊಡ್ಡ ಸಂಖ್ಯೆಗಳನ್ನು ಬೈಟ್‌ಗಳಲ್ಲಿ ಬರೆಯುವುದು ಹೇಗೆ?

1992ರ ಸೆಪ್ಟೆಂಬರ್‌ನಲ್ಲಿ, ಇದಕ್ಕಾಗಿ ರೂಪಿಸಿದ್ದ ಒಂದು ಕರಡನ್ನು ನೋಡಿ ಅಭಿಪ್ರಾಯ ತಿಳಿಸುವಂತೆ ಮಾನಕ ಸಮಿತಿಯವರು ಬೆಲ್ ಲ್ಯಾಬ್ಸ್‌ಗೆ ಕರೆ ಮಾಡಿದರು. ಥಾಂಪ್ಸನ್ ಮತ್ತು ಪೈಕ್ ಅದರಲ್ಲಿ ಕೊರತೆ ಕಂಡು, ತಮ್ಮದೇ ಸೂತ್ರವನ್ನು ಕೊಡುವೆವೆಂದರು. ಅಂದು ರಾತ್ರಿ ಊಟದ ಮೇಜಿನಲ್ಲಿ ಥಾಂಪ್ಸನ್ ಸೂತ್ರವನ್ನು ಬರೆದರು. ಕೆಲವೇ ದಿನಗಳಲ್ಲಿ ಅವರ ಪ್ರಾಯೋಗಿಕ ವ್ಯವಸ್ಥೆ 'ಪ್ಲಾನ್ 9' ಸಂಪೂರ್ಣವಾಗಿ ಅದರಂತೆ ನಡೆಯತೊಡಗಿತು. ಅದೇ ಯುಟಿಎಫ್-8.

'ಕ' ಅಕ್ಷರವನ್ನೇ ನೋಡೋಣ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 3221. ಅದನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 50, ಶೇಷ 21. ಎರಡಕ್ಕೂ 128 ಕೂಡಿಸಿದರೆ 178 ಮತ್ತು 149. ಮೂರು ಬೈಟ್‌ಗಳ ಅಕ್ಷರ ಆರಂಭವಾಯಿತೆಂದು ಸಾರುವ 224ನ್ನು ಮುಂದಿಟ್ಟರೆ 224, 178, 149 ಎಂಬ ಮೂರು ಬೈಟ್‌ಗಳು 'ಕ' ಆಗುತ್ತವೆ. ಕನ್ನಡದ ಪ್ರತಿ ಅಕ್ಷರಸಂಕೇತವೂ 224ರಿಂದಲೇ ಆರಂಭ, ಎರಡನೆಯದು 178 ಅಥವಾ 179. 'ಕನ್ನಡ' ಎಂಬ ಪದದಲ್ಲಿ ನಕಾರದ ಒತ್ತಿಗೆ ಬೇಕಾದ ವಿರಾಮಚಿಹ್ನೆಯೂ ಸೇರಿ ಐದು ಸಂಕೇತಗಳಿವೆ, ಒಟ್ಟು 15 ಬೈಟ್‌ಗಳು.

ಈ ಸೂತ್ರದ ಸೊಗಸು ಎರಡು ಬಗೆಯದು. ಇಂಗ್ಲಿಷ್ ಅಕ್ಷರಗಳ ಬೈಟ್‌ಗಳು ಯಾವಾಗಲೂ 128ಕ್ಕಿಂತ ಕಡಿಮೆ. ಕನ್ನಡದ ಯಾವ ಬೈಟ್ ಕೂಡ 128ಕ್ಕಿಂತ ಕಡಿಮೆಯಾಗದ ಕಾರಣ ಒಂದನ್ನು ಇನ್ನೊಂದೆಂದು ಯಂತ್ರ ಭ್ರಮಿಸುವುದಿಲ್ಲ. ಅಕ್ಷರದ ಮೊದಲ ಬೈಟ್ ಯಾವುದು, ನಂತರದ್ದು ಯಾವುದೆಂದು ನೋಡಿದೊಡನೆ ತಿಳಿಯುವುದರಿಂದ, ಸಾಗಣೆಯಲ್ಲಿ ಒಂದು ಬೈಟ್ ಹಾಳಾದರೆ ಒಂದು ಅಕ್ಷರ ಮಾತ್ರ ಕೆಡುತ್ತದೆ, ಮುಂದಿನದೆಲ್ಲ ಸುರಕ್ಷಿತ. ಇಂಗ್ಲಿಷಿಗೆ ಒಂದು ಬೈಟ್ ಸಾಕಾಗುವಲ್ಲಿ ಕನ್ನಡಕ್ಕೆ ಮೂರು ಬೇಕೆಂಬುದು ಇದರ ಮಿತಿ. ಸ್ಮರಣಕೋಶ ಅಗ್ಗವಾದಂತೆ ಅದು ದೊಡ್ಡ ತೊಡಕಾಗಿ ಉಳಿಯಲಿಲ್ಲ.

ಇದರ ಬೆಲೆ ತಿಳಿಯಬೇಕಾದರೆ 2000ದ ಆಸುಪಾಸಿನ ಕನ್ನಡ ಅಂತರಜಾಲ ಪುಟಗಳನ್ನು ನೆನೆಯಬೇಕು. ಒಂದೊಂದು ತಂತ್ರಾಂಶಕ್ಕೂ ತನ್ನದೇ ಅಕ್ಷರಜೋಡಣೆ. ಆಯಾ ಪತ್ರಿಕೆಯ ಅಕ್ಷರಶೈಲಿಯನ್ನು ಮೊದಲು ಇಳಿಸಿಕೊಳ್ಳದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ. ಕನ್ನಡ ಪದವನ್ನು ಬೆರಳಚ್ಚಿಸಿ ಹುಡುಕುವುದಂತೂ ದೂರದ ಮಾತು. ದುಬೈನಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ಕುಳಿತ ಕನ್ನಡಿಗರು ಊರಿನ ಸುದ್ದಿ ಓದಲು ಪಟ್ಟ ಪಾಡು ಅಷ್ಟಿಷ್ಟಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ 'ತುಂಗ' ಅಕ್ಷರಶೈಲಿ ಸೇರಿದ ಬಳಿಕ ಪರಿಸ್ಥಿತಿ ಹಂತಹಂತವಾಗಿ ಸುಧಾರಿಸಿತು. ಯುನಿಕೋಡ್ ಅಕ್ಷರಗಳಿಗೆ ಸಂಖ್ಯೆ ಕೊಟ್ಟಿತು, ಅಕ್ಷರಶೈಲಿಗಳು ರೂಪ ಕೊಟ್ಟವು, ಜಾಲದಲ್ಲಿ ಅವನ್ನು ಹೊತ್ತು ತಂದದ್ದು ಯುಟಿಎಫ್-8. ಇಂದು ಜಗತ್ತಿನ ಶೇ. 98ಕ್ಕೂ ಹೆಚ್ಚು ಅಂತರಜಾಲ ತಾಣಗಳು ಇದನ್ನೇ ಬಳಸುತ್ತಿವೆ.

ಗೂಗಲ್ ಮತ್ತು ಗೋ ಭಾಷೆ

2000ದ ಕೊನೆಯಲ್ಲಿ ಥಾಂಪ್ಸನ್ ಬೆಲ್ ಲ್ಯಾಬ್ಸ್‌ನಿಂದ ನಿವೃತ್ತರಾಗಿ ಕ್ಯಾಲಿಫೋರ್ನಿಯಕ್ಕೆ ತೆರಳಿದರು. ಎಂಟ್ರಿಸ್ಫಿಯರ್ ಎಂಬ ಕಂಪನಿಯಲ್ಲಿ ಕೆಲ ವರ್ಷ ಇದ್ದು, 2006ರಲ್ಲಿ, 63ನೇ ವಯಸ್ಸಿನಲ್ಲಿ ಗೂಗಲ್ ಸೇರಿದರು. ಅಲ್ಲಿ ಯಾವ ಭಾಷೆಯಲ್ಲಿ ತಂತ್ರಾಂಶ ಸೇರಿಸಬೇಕಾದರೂ ಮೊದಲು ಆ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಸಿ ಭಾಷೆಯ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರಾದ ತಾವು ಆ ಪರೀಕ್ಷೆಗೆ ಕುಳಿತಿಲ್ಲವೆಂದೂ, ಅದರ ಅಗತ್ಯ ಬಿದ್ದಿಲ್ಲವೆಂದೂ ಅವರು 2009ರಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದರು.

2007ರ ಸೆಪ್ಟೆಂಬರ್‌ನಲ್ಲಿ ಥಾಂಪ್ಸನ್, ಪೈಕ್ ಮತ್ತು ರಾಬರ್ಟ್ ಗ್ರೀಸೆಮರ್ ಹೊಸ ಭಾಷೆಯೊಂದರ ರೂಪುರೇಷೆ ಆರಂಭಿಸಿದರು. ಬೃಹತ್ ತಂತ್ರಾಂಶಗಳ ಅನುವಾದಕ್ಕೆ ತಗಲುತ್ತಿದ್ದ ಸಮಯ ಅವರನ್ನು ಬೇಸರಗೊಳಿಸಿತ್ತು. ಮೂವರೂ ಒಪ್ಪಿದರೆ ಮಾತ್ರ ಯಾವುದೇ ಅಂಶವನ್ನು ಸೇರಿಸಬೇಕೆಂಬುದು ಅವರ ಕಟ್ಟಳೆ. ಒಬ್ಬರು ತಲೆಯಾಡಿಸದಿದ್ದರೂ ಅದು ಹೊರಗೆ. 2009ರ ನವೆಂಬರ್‌ನಲ್ಲಿ ಬಿಡುಗಡೆಯಾದ ಗೋ, 2012ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡಿತು. ಡಾಕರ್, ಕುಬರ್ನೆಟಿಸ್ ಮೊದಲಾದ, ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದಿನನಿತ್ಯ ಕೇಳಿಬರುವ ಉಪಕರಣಗಳು ಬರೆಯಲ್ಪಟ್ಟಿರುವುದು ಈ ಭಾಷೆಯಲ್ಲಿಯೇ.

ಹವ್ಯಾಸಗಳು

ಥಾಂಪ್ಸನ್ ವಿಮಾನ ಚಾಲನೆಯ ಪರವಾನಗಿ ಪಡೆದವರು. ಸೋವಿಯತ್ ಒಕ್ಕೂಟ ಕುಸಿದ ನಂತರದ ವರ್ಷಗಳಲ್ಲಿ ರಷ್ಯಾಕ್ಕೆ ಹೋಗಿ ಮಿಗ್-29 ಯುದ್ಧವಿಮಾನದಲ್ಲಿ ಹಾರಾಡಿ ಬಂದರು. ಒಂದು ಕಾಲದಲ್ಲಿ ಅವರ ಚದುರಂಗದ ಯಂತ್ರ ತಲುಪಲಾಗದ ದೇಶಕ್ಕೆ ಅವರೇ ಹೋಗಿ ಆಕಾಶಕ್ಕೇರಿದ್ದರು.

ಸಂಗೀತ ಸಂಗ್ರಹ ಅವರ ಇನ್ನೊಂದು ಗೀಳು. ಅಮೆರಿಕದ ಒಂದು ಶತಮಾನದ ಜನಪ್ರಿಯ ಗೀತೆಗಳನ್ನು ಕೂಡಿಹಾಕಿ, ಬೇಕೆಂದಾಗ ನುಡಿಸುವ ವ್ಯವಸ್ಥೆಯನ್ನು ಅವರು ತಾವೇ ಕಟ್ಟಿಕೊಂಡರು. ತಾನಾಗಿ ನುಡಿಯುವ ಪಿಯಾನೊವನ್ನೂ ಅದಕ್ಕೆ ಜೋಡಿಸಿದರು. 2023ರ ಮಾರ್ಚ್‌ನಲ್ಲಿ, 80ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ನಡೆದ ಲಿನಕ್ಸ್ ಸಮಾವೇಶದ ಪ್ರಧಾನ ಭಾಷಣಕ್ಕೆ ಆಹ್ವಾನ ಬಂದಾಗ, ಯುನಿಕ್ಸ್ ಕುರಿತು ಕೇಳಲು ಬಂದವರೆದುರು ಅವರು ಮಾತನಾಡಿದ್ದು ಈ ಸಂಗೀತ ಸಂಗ್ರಹದ ಬಗ್ಗೆಯೇ.

ಅವರ ಹವ್ಯಾಸ ಮತ್ತು ವೃತ್ತಿ ಬೇರೆ ಬೇರೆಯಲ್ಲ ಎಂಬುದಕ್ಕೆ 2019ರಲ್ಲಿ ಬೆಳಕಿಗೆ ಬಂದ ಸಂಗತಿಯೊಂದು ಸಾಕ್ಷಿ. ಹಳೆಯ ಬರ್ಕಲಿ ಯುನಿಕ್ಸ್‌ನ ಕಡತವೊಂದರಲ್ಲಿ ಆ ಕಾಲದ ಪ್ರಮುಖರ ಗುಪ್ತಪದಗಳು ಸಂಕೇತರೂಪದಲ್ಲಿ ಉಳಿದಿದ್ದವು. ಕುತೂಹಲಿಗಳು ಹಲವನ್ನು ಭೇದಿಸಿದರೂ ಥಾಂಪ್ಸನ್ ಅವರದು ಬಹುಕಾಲ ಜಗ್ಗಲಿಲ್ಲ. ಕಡೆಗೆ ಆಧುನಿಕ ಯಂತ್ರವೊಂದು ನಾಲ್ಕು ದಿನಗಳಿಗೂ ಹೆಚ್ಚು ಕಾಲ ದುಡಿದು ಅದನ್ನು ಬಿಡಿಸಿತು. ಅದು ಚದುರಂಗದ ಒಂದು ನಡೆಯಾಗಿತ್ತು. ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದಿಡುವ ಪ್ರಸಿದ್ಧ ಆರಂಭ. ಗುಪ್ತಪದಗಳನ್ನು ಸುರಕ್ಷಿತವಾಗಿಡುವುದು ಹೇಗೆಂದು 1979ರಲ್ಲಿ ರಾಬರ್ಟ್ ಮೋರಿಸ್ ಜೊತೆ ಪ್ರಬಂಧ ಬರೆದವರು ಇದೇ ಥಾಂಪ್ಸನ್. ಸುದ್ದಿ ತಿಳಿದ ಅವರು ಒಂದೇ ಪದದಲ್ಲಿ ಅಭಿನಂದನೆ ಹೇಳಿ ಸುಮ್ಮನಾದರು.

ಗೌರವಗಳು

ಟ್ಯೂರಿಂಗ್ ಪ್ರಶಸ್ತಿಯ ಬಳಿಕ 1990ರಲ್ಲಿ ಹ್ಯಾಮಿಂಗ್ ಪದಕ, 1999ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಂದ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಮತ್ತು 2011ರಲ್ಲಿ ಜಪಾನ್ ಪ್ರಶಸ್ತಿ, ಈ ಮೂರನ್ನೂ ಅವರು ರಿಚಿಯವರೊಂದಿಗೆ ಹಂಚಿಕೊಂಡರು. ರಿಚಿ 2011ರ ಅಕ್ಟೋಬರ್‌ನಲ್ಲಿ ನಿಧನರಾದರು. 2019ರಲ್ಲಿ ಇಬ್ಬರ ಹೆಸರೂ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಸೇರಿತು.

ಹಳೆಯ ಎಚ್ಚರಿಕೆ, ಹೊಸ ಘಟನೆ

ಟ್ಯೂರಿಂಗ್ ಉಪನ್ಯಾಸದಲ್ಲಿ ವಿವರಿಸಿದ ಆ ಕಳ್ಳ ಕಂಪೈಲರಿನ ಮೂಲಪಠ್ಯವನ್ನು ಥಾಂಪ್ಸನ್ ಕಾಯ್ದಿಟ್ಟಿದ್ದರು. ಗೋ ತಂಡದ ರಸ್ ಕಾಕ್ಸ್ ಕೇಳಿದಾಗ ಕಳುಹಿಸಿಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ಅದು ವಿವರಣೆ ಸಹಿತ ಪ್ರಕಟವಾಯಿತು.

ಅದಾಗಿ ಐದೇ ತಿಂಗಳಲ್ಲಿ, 2024ರ ಮಾರ್ಚ್ ಅಂತ್ಯದಲ್ಲಿ, ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಕಳ್ಳದಾರಿಯೊಂದು ಪತ್ತೆಯಾಯಿತು. ಎರಡು ವರ್ಷಗಳಿಗೂ ಹೆಚ್ಚು ಕಾಲ ನಂಬಿಕೆ ಗಳಿಸಿ ನಿರ್ವಾಹಕನಾಗಿದ್ದ ವ್ಯಕ್ತಿಯೇ ಅದನ್ನು ಸೇರಿಸಿದ್ದ. ಅದನ್ನು ಜಾಗೃತಗೊಳಿಸುವ ತುಣುಕು ಎಲ್ಲರೂ ಓದಬಹುದಾಗಿದ್ದ ಮೂಲಪಠ್ಯದ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯಾದ ಕಟ್ಟಿನಲ್ಲಿ ಮಾತ್ರ ಇತ್ತು. ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೇಕೆ ಎಂದು ಬೆನ್ನಟ್ಟಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಅದನ್ನು ಪತ್ತೆಹಚ್ಚಿದರು. ಇಲ್ಲವಾಗಿದ್ದರೆ ಅದು ಜಗತ್ತಿನ ಅಸಂಖ್ಯಾತ ಸರ್ವರ್‌ಗಳನ್ನು ಸೇರುತ್ತಿತ್ತು.

ನಾಲ್ಕು ದಶಕಗಳ ಹಿಂದೆ ಥಾಂಪ್ಸನ್ ಹೇಳಿದ ಮಾತು ಹೀಗೆ ಅಕ್ಷರಶಃ ಎದುರಿಗೆ ಬಂದು ನಿಂತಿತು. ನಮ್ಮ ಬ್ಯಾಂಕ್ ಖಾತೆ, ಪಹಣಿ, ಆಸ್ಪತ್ರೆಯ ದಾಖಲೆ ಎಲ್ಲವೂ ಇಂದು ನಾವು ಓದದ, ಓದಿದರೂ ಅರ್ಥವಾಗದ ತಂತ್ರಾಂಶಗಳ ವಶದಲ್ಲಿವೆ. ಅವುಗಳ ತಳದಲ್ಲಿ ಥಾಂಪ್ಸನ್ ಅವರ ಕೈಕೆಲಸದ ಗುರುತು ಎಲ್ಲೆಡೆ ಇದೆ. ಅವರ ಸೂತ್ರವನ್ನು ನಂಬಿಯೇ ನಾವು ಕನ್ನಡವನ್ನು ಬರೆಯುತ್ತೇವೆ, ಓದುತ್ತೇವೆ. ಆ ನಂಬಿಕೆ ಸುಳ್ಳಾಗಿಲ್ಲ. ಆದರೂ ಕಾರಣ ತಿಳಿಯದ ಅರ್ಧ ಸೆಕೆಂಡಿನ ವಿಳಂಬವನ್ನು ಕಂಡಾಗ ನಿಂತು ಯೋಚಿಸುವ ಒಬ್ಬ ಇಂಜಿನಿಯರ್ ಪ್ರತಿ ತಂಡದಲ್ಲಿಯೂ ಇರಬೇಕೆಂಬುದನ್ನು ಅವರ ಬದುಕು ಮತ್ತು ಬರಹ ಎರಡೂ ಹೇಳುತ್ತವೆ.